ದೇವರಿಗೆ ತಂತಿ ಕಟ್ಟಿದ ಒಂಬತ್ತು ದಿನ

ಮಲ್ಲಿಗಮ್ಮನ ಒನಕೆ ಮೇಲಿತ್ತು, ಸರೋಜಮ್ಮನ ಒನಕೆ ಒರಳಲ್ಲಿತ್ತು. ಅಷ್ಟರಲ್ಲಿ ಜಗುಲಿಯ ಕಡೆಯಿಂದ ಭತ್ತದ ಮೂಟೆ ಉರುಳಿದ ಹಾಗೆ ಧೊಪ್ಪೆಂದು ಸದ್ದಾಯಿತು. ಸರೋಜಮ್ಮ ಕೈ ನಿಲ್ಲಿಸಲಿಲ್ಲ. ಇನ್ನೊಂದು ಪೆಟ್ಟು ಹಾಕಿ, ಬಾಯಲ್ಲಿದ್ದ ಎಲೆಯಡಿಕೆಯನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ದೂಡಿ, "ಹೋಗಮ್ಮಿ, ನಿನ್ ಗಂಡನ ಮೈಮೇಲೆ ಬಂದದೆ. ಕುಂಕುಮದ ತಟ್ಟೆ ಗೂಡಲ್ಲದೆ" ಎಂದಳು, ಹಾಲು ಉಕ್ಕಿತು ನೋಡು ಎನ್ನುವಷ್ಟೇ ಸಲೀಸಾಗಿ.

ಮಲ್ಲಿಗಮ್ಮ ಕುಂಕುಮಕ್ಕೆ ಹೋಗಲಿಲ್ಲ. ತೌಡು ಮೆತ್ತಿದ ಕೈಯಲ್ಲೇ ಓಡಿಬಂದು, ಬಿದ್ದಿದ್ದ ಗಂಡನ ಮಣಿಕಟ್ಟು ಹಿಡಿದಳು. ಮುಖ ಒಲೆಯ ಬೂದಿಯ ಬಣ್ಣಕ್ಕೆ ತಿರುಗಿತ್ತು. ಕಣ್ಣು ಅರೆ ತೆರೆದಿತ್ತು, ಯಾವುದನ್ನೂ ನೋಡುತ್ತಿರಲಿಲ್ಲ. ಬೆರಳ ಕೆಳಗೆ ಏನೂ ಇಲ್ಲ. ಅವಳು ಬಾಯೊಳಗೇ ಎಣಿಸತೊಡಗಿದಳು. ಒಳಗೆ ಸರೋಜಮ್ಮ ಒಬ್ಬಳೇ ಕುಟ್ಟುತ್ತಿದ್ದಳಾದ್ದರಿಂದ ಎಣಿಕೆಗೆ ಒರಳಿನ ತಾಳವೂ ಸಿಕ್ಕಿತು. ಹತ್ತು. ಹನ್ನೊಂದು. ಹನ್ನೆರಡು. ಹದಿನಾಲ್ಕನೆಯ ಪೆಟ್ಟಿಗೆ ಬೆರಳ ಕೆಳಗೆ ಏನೋ ಗುದ್ದಿತು, ಆಮೇಲೆ ಇನ್ನೊಂದು. ಬೂದಿಯಾಗಿದ್ದ ಮುಖಕ್ಕೆ ಕತ್ತಿನಿಂದ ಕೆಂಪು ಏರಿತು.

ಕಳೆದ ಸಲ ಹತ್ತಕ್ಕೆ ಬಂದಿತ್ತು. ಅದರ ಹಿಂದಿನ ಸಲ ಏಳಕ್ಕೆ.

"ನೋಡ್ರಪ್ಪಾ ಮುಖದ ಕಳೆಯ! ಕೆಂಡದಂಗೆ ಹೊಳೀತದೆ!" ಎಂದು ಬೆನ್ನ ಹಿಂದೆ ಭಾವನ ದನಿ ಕೇಳಿತು.

ಭಾವ ಎಂದರೆ ದೇವಯ್ಯ, ಬಿದ್ದವನ ಅಣ್ಣ, ಸರೋಜಮ್ಮನ ಗಂಡ, ಆ ಮನೆಯ ಯಜಮಾನ. ಹೊಳೆಯ ದೋಣಿ ಕಡವಿನಲ್ಲಿ ಅತ್ತಿಮರದ ಬುಡಕ್ಕೆ ಒಂದು ಕಲ್ಲಿದೆ, ಅದಕ್ಕೆ ಕಡವಿನಪ್ಪ ಎಂದು ಹೆಸರು. ಆ ಕಲ್ಲಿನ ಪೂಜಾರಿಕೆಯನ್ನು ದೇವಯ್ಯನಿಗೆ ಯಾರೂ ಕೊಟ್ಟಿರಲಿಲ್ಲ. ದಾರಿಯಲ್ಲಿ ಬಿದ್ದ ಹಗ್ಗ ಎತ್ತಿಕೊಳ್ಳುವ ಹಾಗೆ ಅವನೇ ಎತ್ತಿಕೊಂಡಿದ್ದ. ಎತ್ತಿಕೊಂಡ ಮೇಲೆ ಅವನ ಹೊಟ್ಟೆಯೂ ದನಿಯೂ ಒಟ್ಟಿಗೇ ಬೆಳೆದಿದ್ದವು. ಅವನು ತಮ್ಮನ ಹಣೆಗೆ ವಿಭೂತಿ ಬಳಿದು, ಮೊಣಕಾಲೂರಿ, ಕಿವುಡನಿಗೆ ಹೇಳುವಂತೆ ಕೂಗಿದ:

"ಅಪ್ಪಾ ಕಡವಿನಪ್ಪಾ! ಎರಡು ಮಾತು ಕೇಳ್ತೀನಿ. ಒಂದು, ಈ ಸುಕುಮಾರನ್ ಬಾವಿ. ಇನ್ನೊಂದು, ಆ ಆಸ್ಪತ್ರೆ ಕಾಗದ. ಹಾಕೋದೋ ಬುಡೋದೋ, ಅಪ್ಪಣೆ ಆಗ್ಲಿ!"

ಸುಕುಮಾರನ್ ಬೆಳಗಿನಿಂದ ಬೆಂಚಿನ ಮೇಲೆ ಕೂತಿದ್ದ, ಕಂಕುಳಲ್ಲಿ ಒಂದು ಕೆಂಪು ಹುಂಜ. ತಿರುವಾಂಕೂರಿನ ಕಡೆಯಿಂದ ಬಂದು, ಊರಿನ ಮೇಲ್ಗಡೆ ಕಾಡು ಕಡಿದು ಮರಗೆಣಸು ನೆಟ್ಟವರಲ್ಲಿ ಅವನೂ ಒಬ್ಬ. ಹೆಂಡತಿ ಅರ್ಧ ಮೈಲಿಯಿಂದ ನೀರು ಹೊರುತ್ತಿದ್ದಳು. ಅಂಥವನನ್ನು ದೇವಯ್ಯ ನಾಲ್ಕು ವಾರದಿಂದ ಬೆಂಚಿಗೆ ಅಂಟಿಸಿದ್ದ, ವಾರಕ್ಕೊಂದು ಹುಂಜ.

ಬಿದ್ದಿದ್ದ ಚಿಕ್ಕಮಾದು ಕಣ್ಣು ಬಿಟ್ಟ. ಒಣಗಿದ ತುಟಿಯನ್ನು ನೆಕ್ಕಿಕೊಂಡ.

"ನೀರು" ಎಂದ.

ಸುಕುಮಾರನ್ ಎದ್ದು ಕೈ ಮುಗಿಯಲು ಹೋಗಿ ಹುಂಜವನ್ನು ಬಿಟ್ಟುಬಿಟ್ಟ. ಅದು ಕೂಗುತ್ತಾ ಸೂರಿನ ಮೇಲಕ್ಕೆ ಹಾರಿತು. "ವೆಳ್ಳಂ! ವೆಳ್ಳಂ ಕಿಟ್ಟುಂ!" ನೀರು ಸಿಗುತ್ತದೆಂದು ಅವನ ಕಣ್ಣಲ್ಲಿ ಆಗಲೇ ನೀರು.

"ಕೇಳಿದ್ರಾ?" ದೇವಯ್ಯ ಸುತ್ತ ನೋಡಿದ. "ಬಾವೀಲಿ ನೀರು ಬತ್ತದೆ. ಕಾಗದಾನ ನೀರಿಗೆ ಬುಡು. ಒಂದೇ ಮಾತು, ಎರಡಕ್ಕೂ ಉತ್ತರ! ದೇವ್ರು ಅಂದ್ರೆ ಇದು!"

ಮಲ್ಲಿಗಮ್ಮ ಒಳಗೆ ಹೋಗಿ ಒಂದು ಚೊಂಬು ನೀರು ತಂದು ಗಂಡನ ಬಾಯಿಗೆ ಹಿಡಿದಳು. ಅವನು ಚೊಂಬು ಬರಿದಾಗುವವರೆಗೂ ಗಟಗಟ ಕುಡಿದು ಗೋಡೆಗೊರಗಿದ. ದೇವರ ಮಾತು ಅಲ್ಲಿಗೆ ಮುಗಿಯಿತು. ಅದನ್ನು ನೋಡುವ ಪುರಸೊತ್ತು ಯಾರಿಗಿತ್ತು? ಎಲ್ಲರೂ ಹುಂಜ ಹಿಡಿಯುವುದರಲ್ಲಿದ್ದರು.

ಚಿಕ್ಕಮಾದು ಮೊದಲ ಸಲ ಬಿದ್ದದ್ದು ಹೊಳೆಯ ಆಚೆ ದಡದ ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ವರ್ಷ. ಈಚೆ ದಡದ ಕೊಳವಳ್ಳಿಯಲ್ಲಿ ಯಾರ ಹೆಸರೂ ಬದಲಾಗಲಿಲ್ಲ, ಅವನೊಬ್ಬನದು ಬಿಟ್ಟು. ಅಲ್ಲಿಯವರೆಗೆ ಅವನು ಬರೀ ಮಾದ. ಅಣ್ಣ ಹೇಳಿದ ಕಡೆ ಉಳುವವನು, ಎಲ್ಲರೂ ಉಂಡ ಮೇಲೆ ತಳದ ಸಾರು ಬಗ್ಗಿಸಿಕೊಳ್ಳುವವನು. ಮದುವೆಮನೆಗೆ ಹೋದರೆ ಚಪ್ಪಲಿ ಕಾಯುವ ಜಾಗದಲ್ಲಿ ಕೂರುವವನು. ಅವತ್ತು ಕಳೆದುಹೋದ ಎಮ್ಮೆ ಹುಡುಕಿ ಹುಡುಕಿ ಸಾಕಾಗಿ ಕಡವಿನಪ್ಪನ ಕಲ್ಲಿನ ಮುಂದೆ ನಿಂತವನು ಹಾಗೇ ಕುಸಿದ. ಎದ್ದಾಗ "ಎಮ್ಮೆ" ಎಂದ. ಸಂಜೆಗೆ ಎಮ್ಮೆ ತಾನೇ ಕೊಟ್ಟಿಗೆಗೆ ಬಂದು ನಿಂತಿತ್ತು. ಎಮ್ಮೆಗೆ ಮನೆಯ ದಾರಿ ಗೊತ್ತಿರುತ್ತದೆ ಎಂಬ ಮಾತು ಊರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ದೇವಯ್ಯನಿಗೆ ಹೊಳೆದಿದ್ದರೂ ಅವನು ಹೇಳುವ ಪೈಕಿಯಲ್ಲ.

ಮಾದ ಹೋಗಿ ಮಾದಪ್ಪನೋರು ಆದ. ಜಗುಲಿಯ ಮೇಲೆ ಈಚಲು ಚಾಪೆ, ಒರಗಲು ದಿಂಬು. ಮುಖ ಬೆಳ್ಳಗಾದರೆ ದೇವರು ಒಳಗೆ ಬರುತ್ತಿದ್ದಾನೆ, ಕೆಂಪಗಾದರೆ ಹೊರಡುತ್ತಿದ್ದಾನೆ ಎಂದು ದೇವಯ್ಯ ಬಂದವರಿಗೆಲ್ಲ ಬಿಡಿಸಿ ಹೇಳುತ್ತಿದ್ದ. ಆ ನಡುವೆ ತಮ್ಮ ಒಂದು ಹೊರೆ ಹುಲ್ಲು ಹೊರಲಾರದಷ್ಟು ಸೋತು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದ. "ದೇವರ ಭಾರ ಕಣ್ರೀ, ಸುಮ್ನೆ ಆಯ್ತದಾ?" ಎಂದು ಅದಕ್ಕೂ ಒಂದು ಅರ್ಥ. ದೇವರು ಬರುವ ಗಂಡಸಿನ ಹೆಂಡತಿ ಕೆಸರು ತುಳಿಯಬಾರದು ಎಂದು ಕಟ್ಟಳೆ ಮಾಡಿದವನೂ ದೇವಯ್ಯನೇ. ಹಾಗಾಗಿ ಮಲ್ಲಿಗಮ್ಮನಿಗೆ ಗದ್ದೆಯ ಕೆಲಸ ತಪ್ಪಿತು. ಹದಿನೆಂಟು ವರ್ಷ ನಾಟಿಗೆ ಬಗ್ಗಿದ ಸೊಂಟ ನೆಟ್ಟಗಾಯಿತು. ಅವಳೇನು ಬೇಡ ಎನ್ನಲಿಲ್ಲ.

ಮಾರನೆಯ ವರ್ಷದ ಮುಂಗಾರಿಗೆ ಗಂಡಹೆಂಡಿರು ಪನಮರದ ಸಂತೆಗೆ ಹೋದಾಗ ಅವನು ಭತ್ತದ ಮಂಡಿಯ ಮುಂದೆ ಬಿದ್ದ. ಪನಮರದವರಿಗೆ ಕಡವಿನಪ್ಪನ ಪರಿಚಯವಿರಲಿಲ್ಲ. ಬಿದ್ದವನನ್ನು ಅವರು ಬಿದ್ದವನೆಂದೇ ತಿಳಿದರು. ನಾಲ್ಕು ಜನ ಸೇರಿ ಜೀಪಿಗೆ ಹಾಕಿ, ಚುರ ಎನ್ನುವ ಘಾಟಿಯ ಒಂಬತ್ತು ತಿರುವು ಇಳಿಸಿ, ಕಲ್ಲಿಕೋಟೆಯ ದೊಡ್ಡಾಸ್ಪತ್ರೆಗೆ ಮುಟ್ಟಿಸಿದರು. ದಾರಿಯಲ್ಲಿ ಮೂರು ಸಲ ದೇವರು ಬಂದ. ಪ್ರಶ್ನೆ ಕೇಳುವವರೇ ಇರಲಿಲ್ಲ.

ಆಸ್ಪತ್ರೆಯಲ್ಲಿ ವಿಜಯನ್ ಎಂಬ ಎಳೆ ವಯಸ್ಸಿನ ಡಾಕ್ಟರು ಮಣಿಕಟ್ಟು ಹಿಡಿದು, ಗಡಿಯಾರ ನೋಡಿ, ಓಡಿದರು. ಮತ್ತೆ ಮಲ್ಲಿಗಮ್ಮ ಗಂಡನನ್ನು ನೋಡಿದಾಗ ಅವನ ಬಲಗೈಯನ್ನು ಒಂದು ಹಲಗೆಗೆ ಬಿಗಿದಿದ್ದರು. ಮೊಣಕೈ ಮಡಿಕೆಯ ಪಟ್ಟಿಯಿಂದ ಒಂದು ಸಣ್ಣ ತಂತಿ ಹೊರಬಂದು, ಮಂಚಕ್ಕೆ ಕಟ್ಟಿದ ಎಲೆಯಡಿಕೆ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಗೆ ಸೇರಿತ್ತು. ಪೆಟ್ಟಿಗೆಯ ಮೇಲೊಂದು ಕೆಂಪು ದೀಪ ಮಿಣುಕ್, ಮಿಣುಕ್ ಎನ್ನುತ್ತಿತ್ತು. ತಂತಿಯ ಇನ್ನೊಂದು ತುದಿ ಎಲ್ಲಿದೆ ಎಂದು ಕೇಳಿದ್ದಕ್ಕೆ ನರ್ಸ್ ಕಾರ್ತ್ಯಾಯನಿ ತನ್ನ ಎದೆಯ ಮೇಲೆ ಬೆರಳಿಟ್ಟು, "ಇವಿಡೆ" ಎಂದಳು. "ಪೇಡಿಕ್ಕೇಂಡ ಚೇಚ್ಚಿ." ಹೆದರಬೇಡ ಅಕ್ಕಾ ಎನ್ನುವುದು ಹೇಳಲು ಸುಲಭ.

ಸಂಜೆ ಡಾಕ್ಟರು ತಿಳಿಸಿ ಹೇಳಿದರು. ಹೃದಯಕ್ಕೆ ಮೇಲೆರಡು ಕೋಣೆ, ಕೆಳಗೆರಡು ಕೋಣೆ. ಮೇಲಿನವು ಕೂಗಿದ್ದು ಕೆಳಗಿನವಕ್ಕೆ ಮುಟ್ಟುತ್ತಿಲ್ಲ.

ಮಲ್ಲಿಗಮ್ಮ ಯೋಚಿಸಿ ಕೇಳಿದಳು, ತನ್ನ ಹೊಳೆದಡದ ಮಲಯಾಳದಲ್ಲಿ. "ಒಂದು ಒರಳಿಗೆ ಇಬ್ಬರು ಹೆಂಗಸರು ನಿಂತವ್ರೆ. ಒಬ್ಬಳು ಕುಟ್ತಾವ್ಳೆ, ಇನ್ನೊಬ್ಬಳು ಕಿವುಡಿಯಂಗೆ ಒನಕೆ ಎತ್ಕೊಂಡು ನಿಂತವ್ಳೆ. ಹಂಗಾ?"

ಡಾಕ್ಟರು ನಕ್ಕರು. "ಹಾಗೇ. ಈ ಪೆಟ್ಟಿಗೆ ಮೂರನೆಯವಳು. ಒಂದು ಗಳಿಗೆ ಕಾಯ್ತಾಳೆ. ಎರಡನೆಯವಳು ಕುಟ್ಟಿದರೆ ತಾನು ಸುಮ್ಮನಿರ್ತಾಳೆ. ಕುಟ್ಟದಿದ್ದರೆ ತಾನೇ ಒಂದು ಪೆಟ್ಟು ಹಾಕ್ತಾಳೆ."

"ಅಂಗಾರೆ ಅವಳನ್ನೇ ಇಟ್ಕೊಂಡ್ರಾಯ್ತಲ್ಲ?"

"ಕೂಲಿಗೆ ಬಂದವಳು ಎಷ್ಟು ದಿನ ಇರ್ತಾಳಮ್ಮಾ? ಚರ್ಮ ತೂತು ಮಾಡಿ ಹಾಕಿದ ತಂತಿ ಇದು. ಹತ್ತು ದಿನ ಮೀರಿದರೆ ಕೀವು ಕಟ್ಟುತ್ತೆ, ಇಲ್ಲಾ ಜಾಗ ಬಿಟ್ಟು ಜಾರುತ್ತೆ. ಮನೆಯಲ್ಲೇ ಉಳಿಯೋಳು ಬೇಕಂದ್ರೆ ಎದೆಯ ಚರ್ಮದ ಕೆಳಗೆ ಹೂಳುವ ಡಬ್ಬಿ ಬೇಕು. ಅದು ಸಮುದ್ರದಾಚೆಯಿಂದ ಬರಬೇಕು."

ಎರಡು ಮಾತಿನಲ್ಲಿ ಅವಳಿಗೆ ಎಲ್ಲ ತಿಳಿಯಿತು. ತಿಳಿಯಲು ಒರಳಿನ ಮುಂದೆ ನಿಂತಿದ್ದರೆ ಸಾಕು. ಜಗುಲಿಯ ಮೇಲೆ ಕೂತು ಕೋಳಿ ತಿಂದವರಿಗೆ ತಿಳಿಯುವುದು ಕಷ್ಟ.

ಅಂಥ ದೇವಯ್ಯ ನಾಲ್ಕನೆಯ ದಿನ ಬಂದ. ವಿಭೂತಿಯ ಪೊಟ್ಟಣ, ತೆಂಗಿನಕಾಯಿ, ಹೆಗಲ ಮೇಲೆ ಶಲ್ಯ. ಬಂದವನೇ ತಮ್ಮನ ತಂತಿ ಕಟ್ಟಿದ ಕೈಯನ್ನೇ ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಳ್ಳಲು ಹೋದ. ದೀಪ ಒಂದು ಸಲ ಮಿಣುಕುವುದನ್ನು ತಪ್ಪಿಸಿತು. ಕಾರ್ತ್ಯಾಯನಿ ವಾರ್ಡಿನ ಆ ತುದಿಯಿಂದ ಕಿರುಚಿದ ಕಿರುಚಿಗೆ ಪಕ್ಕದ ಮಂಚದ ಮುದುಕ ಎದ್ದು ಕೂತ. "ಆ ಕೈ ಮುಟ್ಟಿದ್ರೆ ನಿನ್ನ ಕೈ ಮುರೀತೀನಿ!"

"ಆಶೀರ್ವಾದ ತಗೊಂಡೆ ಕಣವ್ವಾ" ಎಂದ ದೇವಯ್ಯ.

"ಎಡಗೈಲಿ ತಗೋ!"

ಎಡಗೈಯ ಆಶೀರ್ವಾದ ಯಾವ ಶಾಸ್ತ್ರದಲ್ಲಿದೆ? ದೇವಯ್ಯ ಮುಖ ಊದಿಸಿಕೊಂಡು ಪೆಟ್ಟಿಗೆಯ ಸುತ್ತ ಮೂರು ಸಲ ಸುತ್ತಿದ. ದೇವರನ್ನು ತಂತಿಯಲ್ಲಿ ಕಟ್ಟಿಹಾಕಿದ್ದಾರೆ ಎಂದು ತೀರ್ಮಾನಿಸಿದ. ಡಾಕ್ಟರು ಬಂದಾಗ ಕೈ ಹೊಸೆಯುತ್ತಾ ಹತ್ತಿರ ಹೋದ.

"ಸ್ವಾಮೀ, ಒಂದೇ ಒಂದು ಗಳಿಗೆ ಆ ಗುಂಡಿ ತಿರುಗಿಸ್ಬುಡಿ. ಊರಲ್ಲಿ ಜನ ಕಾಯ್ತಾವ್ರೆ. ಒಂದು ಮಾತು ಕೇಳ್ಕೊಂಡು ಬುಡ್ತೀನಿ, ಆಮೇಲೆ ನೀವು ತಿರ್ಗ ಹಾಕಳಿ."

ಡಾಕ್ಟರು ಪೆಟ್ಟಿಗೆಗೂ ಅವನಿಗೂ ನಡುವೆ ಬಂದು ನಿಂತರು. "ನಾನೀಗ ಗುಂಡಿ ತಿರುಗಿಸಿದರೆ ನಿಮ್ಮ ದೇವರು ಇಲ್ಲಿಗೆ ಬರಲ್ಲ. ನಿಮ್ಮ ತಮ್ಮ ಅಲ್ಲಿಗೆ ಹೋಗ್ತಾನೆ."

"ಹೋಗಿ ಕೇಳ್ಕೊಂಡು ಬರಲಿ ಬುಡಿ" ಎಂದ ದೇವಯ್ಯ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಮ್ಮನೆ ಹುಟ್ಟಿದ ಗಾದೆಯಲ್ಲ. ಮಲ್ಲಿಗಮ್ಮ ಭಾವನ ಜೊತೆ ನೇರವಾಗಿ ಮಾತಾಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಏನಿದ್ದರೂ ಅಕ್ಕ ಸರೋಜಮ್ಮನ ಕೈಲಿ ಹೇಳಿಸಬೇಕು, ಇಲ್ಲವೇ ಕಂಬಕ್ಕೆ ಹೇಳಬೇಕು. ಆಸ್ಪತ್ರೆಯಲ್ಲಿ ಅಕ್ಕನೂ ಇಲ್ಲ, ಕಂಬವೂ ಇಲ್ಲ.

ಎಂಟನೆಯ ದಿನ ಡಾಕ್ಟರು ನಿಜವಾಗಿಯೂ ಗುಂಡಿ ತಿರುಗಿಸಿದರು. ಸ್ವಲ್ಪ ಸ್ವಲ್ಪವೇ ಕೆಳಗಿಳಿಸಿ, ಎದೆಗೆ ಕೊಳವೆಯಿಟ್ಟು ಕೇಳುತ್ತಾ ಕೂತರು. ಕಿವುಡಿಗೆ ಕಿವಿ ಬಂದಿತ್ತು. ಮೂರನೆಯವಳ ಹಂಗಿಲ್ಲದೆ ಒರಳು ನಡೆಯಿತು. ಬಾಗಿಲಲ್ಲಿ ನಿಂತಿದ್ದ ದೇವಯ್ಯನಿಗೆ ತನ್ನ ಮಾತು ನಡೆಯಿತೆಂದು ಹಿಗ್ಗು. ಅಲ್ಲಿಂದಲೇ ಕೈ ಮುಗಿದು, "ಅಪ್ಪಾ, ಅಪ್ಪಣೆ ಕೊಡು!" ಎಂದು ಕೂಗಿದ.

"ಹೊಟ್ಟೆ ಹಸೀತದೆ" ಎಂದ ಚಿಕ್ಕಮಾದು. ಬೆಳಗಿನಿಂದ ಅವನಿಗೆ ಗಂಜಿ ಕೊಟ್ಟಿರಲಿಲ್ಲ.

ಕಡವಿನಪ್ಪ ಹಸಿದಿದ್ದಾನೆಂದು ಆ ವಾರ ಕೊಳವಳ್ಳಿಯಲ್ಲಿ ಎರಡು ಆಡು ಬಿದ್ದವು.

ಒಂಬತ್ತನೆಯ ದಿನ ತಂತಿ ಎಳೆದರು. ಎರೆಹುಳುವಿನಷ್ಟೂ ದಪ್ಪವಿರಲಿಲ್ಲ. ಹೊರಡುವಾಗ ಡಾಕ್ಟರು ಮಲ್ಲಿಗಮ್ಮನನ್ನು ಎದುರಿಗೆ ಕೂರಿಸಿಕೊಂಡರು. "ಈಗ ಎದೆ ನಡೀತಿದೆ. ಮತ್ತೆ ನಿಲ್ಲುತ್ತೆ, ಅದು ನನಗೆ ಗೊತ್ತು. ನಿಂತಾಗ ಬಂದರೆ ತಂತಿ ಮತ್ತೆ ಹಾಕಬಹುದು. ಆದರೆ ತಂತಿ ಹತ್ತು ದಿನ, ಡಬ್ಬಿ ಬರೋಕೆ ತಿಂಗಳುಗಟ್ಟಲೆ. ಅದಕ್ಕೇ ಕಾಗದ ಮೊದಲು ಬರಬೇಕು. 'ಡಬ್ಬಿ ಹಾಕಿಸಿಕೊಳ್ತೀವಿ' ಅಂತ ಒಂದೇ ಸಾಲು, ಹೆಸರು, ಅಷ್ಟೇ. ಯಾವ ಭಾಷೆ ಆದರೂ ಸರಿ. ಒಂದು ತಿಂಗಳೊಳಗೆ." ಕಾರ್ತ್ಯಾಯನಿ ನೀಲಿ ಇನ್‌ಲ್ಯಾಂಡ್ ಕಾಗದದ ಮೇಲೆ ವಿಳಾಸವನ್ನೂ ತಾನೇ ಬರೆದುಕೊಟ್ಟಳು. ಮಣಿಕಟ್ಟು ಹಿಡಿದು ಎಣಿಸುವುದನ್ನೂ ಕಲಿಸಿದಳು.

ಮನೆಯಲ್ಲಿ ದೇವಯ್ಯ ಆ ಕಾಗದವನ್ನು ಮುಟ್ಟಿನೋಡಿ, ಮೂಸಿನೋಡಿ, ದೇವರ ಪೆಟ್ಟಿಗೆಯಲ್ಲಿ ಇಟ್ಟ. "ಮನೇಲಿ ಒಂದು ಕರು ಮಾರೋಕೂ ಕಡವಿನಪ್ಪನ ಅಪ್ಪಣೆ ಕೇಳ್ತೀವಿ. ಎದೆ ಕುಯ್ಸೋಕೆ ಕೇಳ್ದೆ ಇರಕ್ಕಾಯ್ತದಾ? ಅಪ್ಪ ಮೈಮೇಲೆ ಬರಲಿ. ಹೂಂ ಅಂದ್ರೆ ಹಾಕವ."

ಈ ಬುದ್ಧಿವಂತಿಕೆಯನ್ನು ಸ್ವಲ್ಪ ನಿಂತು ನೋಡಬೇಕು. ಕಾಗದ ಹೋಗಬೇಕಾದರೆ ಚಿಕ್ಕಮಾದು ಬೀಳಬೇಕು. ಅವನು ಬಿದ್ದರೆ ದೇವರು ಬಂದ ಹಾಗಾಯಿತು. ದೇವರು ಬಂದಮೇಲೆ, ದೇವರನ್ನು ಬಾರದ ಹಾಗೆ ಮಾಡುವ ಡಬ್ಬಿಗೆ ದೇವರೇ ಹೇಗೆ ಹೂಂ ಎಂದಾನು? ಊರಿನ ಹತ್ತು ಜನ ಗಂಡಸರು ಕೂತು ಕೇಳಿದರು, ಹತ್ತು ತಲೆಗಳೂ ಹೌದು ಹೌದೆಂದು ಆಡಿದವು. ಮುಂಗಾರು ಮುಗಿಯಿತು, ಗದ್ದೆ ತೆನೆ ಬಿಟ್ಟಿತು, ಕೊಯ್ಲು ಬಂತು. ಅವನು ಏಳರ ಎಣಿಕೆಗೆ ಒಮ್ಮೆ ಬಿದ್ದ, ಹತ್ತರ ಎಣಿಕೆಗೆ ಒಮ್ಮೆ ಬಿದ್ದ. ತಂತಿ ಕಟ್ಟಿದರೂ ನಿಲ್ಲದ ದೇವರು ಎಂದು ಜನ ಮೊದಲಿಗಿಂತ ಹೆಚ್ಚಾದರು. ಎರಡು ಸಲವೂ ಊರವರ ಪ್ರಶ್ನೆಗಳೇ ಮೊದಲಾದವು, ಕಾಗದ ಅಂಚೆಗೆ ಹೋಗಲಿಲ್ಲ. ಒಂದು ತಿಂಗಳಿನ ಗಡುವು ಐದು ತಿಂಗಳಾಗಿತ್ತು.

ಮಲ್ಲಿಗಮ್ಮ ದಿನಾ ನಾಳೆ ಕೇಳೋಣ ಎಂದುಕೊಂಡಳು. ದಿನಾ ಗದ್ದೆಗೆ ಇಳಿಯದೆ ಮನೆಯಲ್ಲೇ ಉಳಿದಳು.

ಇವತ್ತು ಹದಿನಾಲ್ಕು.

ಹುಂಜ ಸಿಕ್ಕಮೇಲೆ ದೇವಯ್ಯ ಕಾಗದವನ್ನು ಹೊಳೆಗೆ ಬಿಡಲು ಶಾಸ್ತ್ರೋಕ್ತವಾಗಿ ಹೊರಟ. ಸುಕುಮಾರನ್ನೂ ಸೇರಿ ಏಳೆಂಟು ಜನ ಹಿಂದೆ ನಿಂತರು. ದೇವರ ಪೆಟ್ಟಿಗೆ ತೆಗೆದ. ಬೆತ್ತ ಇತ್ತು, ಗೆಜ್ಜೆ ಇತ್ತು, ಕೆಂಪು ವಸ್ತ್ರ ಇತ್ತು. ಕಾಗದ ಇರಲಿಲ್ಲ. ವಸ್ತ್ರ ಕೊಡವಿದ. ಪೆಟ್ಟಿಗೆ ತಲೆಕೆಳಗು ಮಾಡಿದ. ಒಂದು ಜಿರಲೆ ಬಿತ್ತು.

ಬೇರೆ ಯಾರಾದರೂ ಆಗಿದ್ದರೆ ನಾಚಿಕೆಪಡುತ್ತಿದ್ದರು. ದೇವಯ್ಯ ಎರಡೂ ಕೈ ಮೇಲೆತ್ತಿ ಕೂಗಿದ. "ಆಹಾ! ನನ್ ಕೈಲಿ ಬುಡಿಸೋವರೆಗೂ ಕಾಯ್ಲಿಲ್ಲ ಅಪ್ಪ! ತಾನೇ ತಗೊಂಡವ್ನೆ! ಬೀಗ ಹಾಕಿದ ಪೆಟ್ಟಿಗೆಯಿಂದ ತಾನೇ ತಗೊಂಡವ್ನೆ!"

"ತಗೊಂಡವ್ನೆ!" ಎಂದರು ಹಿಂದಿನವರು. ಎಲ್ಲರೂ ತೆಂಗಿನಕಾಯಿ ಒಡೆಯಲು ಕಡವಿಗೆ ಹೋದರು.

ಒಳಗೆ ಸರೋಜಮ್ಮ ಒರಳಿನ ಅಕ್ಕಿಯನ್ನು ಮೊರಕ್ಕೆ ತುಂಬುತ್ತಿದ್ದಳು. ತಲೆ ಎತ್ತದೆ ಮಲ್ಲಿಗಮ್ಮನನ್ನು ಕೇಳಿದಳು. "ಎಷ್ಟಕ್ಕೆ ಬಂತಮ್ಮಿ?"

"ಹದಿನಾಲ್ಕು."

"ಹೂಂ. ನಂಗೂ ಹಂಗೇ ಅನ್ನಿಸ್ತು, ನಾನು ಹದಿನಾಲ್ಕು ಪೆಟ್ಟು ಹಾಕ್ದೆ." ಮೊರ ಕೆಳಗಿಟ್ಟು, ರಾಗಿ ಹಿಟ್ಟಿನ ಕುಕ್ಕೆಯೊಳಗೆ ಮೊಣಕೈವರೆಗೆ ಕೈ ಇಳಿಸಿ, ಒಂದು ನೀಲಿ ಕಾಗದ ತೆಗೆದಳು. ಮೈ ತುಂಬ ರಾಗಿ ಹಿಟ್ಟಿನ ಬೂದು ದೂಳು. "ಶುಕ್ರವಾರ ಶುಕ್ರವಾರ ಪೆಟ್ಟಿಗೆ ಒರೆಸೋಳು ಯಾರು? ಬೀಗದಕೈ ಯಾರ ಸೊಂಟದಲ್ಲದೆ? ತಗೊಂಡು ನಾಲ್ಕು ತಿಂಗಳಾಯ್ತು."

ಮಲ್ಲಿಗಮ್ಮ ಕಾಗದಕ್ಕೆ ಕೈ ಚಾಚಿದಳು. "ಅಕ್ಕಾ! ಕೊಡಬಾರ್ದಾಗಿತ್ತಾ?"

"ಕೇಳ್ತೀಯ ಅಂತ ಕಾದೆ. ನೀನು ಕೇಳ್ಲೇ ಇಲ್ವಲ್ಲ. ಗಂಡ ದೇವ್ರು, ಹೆಂಡ್ತಿಗೆ ಕೆಸರಿಲ್ಲ. ನಾಟಿಗೆ ನಾನೊಬ್ಳೇ ಬಗ್ಗಿದ್ದೆ ಕಣವ್ವಾ. ಚೆನ್ನಾಗದೆ, ಇನ್ನೊಸಿ ದಿನ ಇರಲಿ ಅಂತ ನೀನಂದ್ಕೊಂಡಿದ್ರೆ ನಾನ್ಯಾಕೆ ಅಡ್ಡ ಬರಲಿ ಅಂದ್ಕೊಂಡೆ." ಸರೋಜಮ್ಮ ಎಲೆಯಡಿಕೆ ಉಗಿದು ಬಂದಳು. "ನನ್ ಗಂಡ ಪೆದ್ದ. ಅದು ಊರಿಗೇ ಗೊತ್ತು. ನೀನು ಪೆದ್ದಿ ಅಲ್ಲ."

ಭಾವನ ಹತ್ತು ಮೂರ್ಖತನಕ್ಕೆ ಒಳಗೊಳಗೇ ನಕ್ಕಿದ್ದ ಮಲ್ಲಿಗಮ್ಮ ಈ ಒಂದು ಮಾತಿಗೆ ತಲೆ ತಗ್ಗಿಸಿದಳು. ಕಾಗದವನ್ನು ಸೆರಗಿನಲ್ಲಿ ಒರೆಸಿಕೊಂಡು ಜಗುಲಿಗೆ ಹೋದಳು.

ಚಿಕ್ಕಮಾದು ದಿಂಬಿಗೆ ಒರಗಿ ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದ. ಮೊಣಕೈ ಮಡಿಕೆಯಲ್ಲಿ ಹೊಲಿಗೆಯ ಗುರುತು ಇತ್ತು, ಇರುವೆ ಸಾಲಿನ ಹಾಗೆ.

"ಒಂದು ಮಾತು ಕೇಳ್ತೀನಿ" ಎಂದಳು. "ದೇವ್ರನ್ನಲ್ಲ, ನಿಮ್ಮನ್ನ. ಬಿದ್ದಾಗ ಏನಾಯ್ತದೆ?"

ಅವನು ಬೀದಿಯ ಕಡೆ ನೋಡಿದ. ಯಾರೂ ಇರಲಿಲ್ಲ. "ಏನೂ ಆಗಕಿಲ್ಲ ಮಲ್ಲಿ. ದೀಪ ಆರಿದಂಗೆ. ಯಾರೂ ಬರಲ್ಲ. ಯಾವ ಅಪ್ಪನೂ ಬರಲ್ಲ."

"ಯಾವತ್ತಿಂದ ಗೊತ್ತು?"

"ಎಮ್ಮೆ ದಿವಸದಿಂದ."

ಅವಳಿಗೆ ಒಂದು ಏಟು ಕೊಡಬೇಕೆನ್ನಿಸಿತು. "ಮತ್ತೆ ಬಾಯಿ ಬುಟ್ಟು ಹೇಳಕ್ಕೇನಾಗಿತ್ತು?"

"ಕೈ ಮುಗಿಯೋರು" ಎಂದ ಅವನು. "ನಂಗೆ ಅಲ್ಲಿಗಂಟ ಯಾರು ಮುಗಿದಿದ್ರು ಹೇಳು. ನಮ್ಮಣ್ಣ ನಂಗೆ ಮೊದಲು ಬಡಿಸ್ತಾನೆ ಈಗ." ಆಮೇಲೆ ದನಿ ಇಳಿಸಿ, "ಈ ಸಲ ಬೀಳ್ವಾಗ ಹೆದರಿಕೆ ಆಯ್ತು. ತಿರ್ಗ ಕಣ್ ಬುಡಲ್ಲ ಅನ್ನಿಸ್ತು. ಆ ಕೆಂಪು ದೀಪ ಇತ್ತಲ್ಲ, ಅದು ಪಕ್ಕದಲ್ಲಿದ್ದಾಗ ನಾನು ರಾತ್ರಿ ಚೆನ್ನಾಗಿ ನಿದ್ದೆ ಮಾಡ್ದೆ ಕಣೇ."

"ಡಬ್ಬಿ ಹಾಕ್ಸಿದ್ರೆ ದೇವರು ಬರಲ್ಲ. ತಿರ್ಗ ಬರೀ ಮಾದ ಆಗ್ತೀರಿ. ತಳದ ಸಾರು."

"ಸಾರಾದ್ರೂ ಇರ್ತದಲ್ಲ. ಬರಿ." ಮತ್ತೆ ಅವಸರದಲ್ಲಿ ಸೇರಿಸಿದ. "ಅಣ್ಣನಿಗೆ ಹೇಳಬ್ಯಾಡ."

"ಊರಿಗೆಲ್ಲ ದೇವರಾಗೋಕೆ ಧೈರ್ಯ ಇತ್ತು" ಎಂದಳು ಮಲ್ಲಿಗಮ್ಮ, "ಅಣ್ಣನ ಮುಂದೆ ಮನುಷ್ಯ ಆಗೋಕೆ ಇಲ್ಲ."

ಪಂಚಾಂಗಕ್ಕೆ ಸಿಕ್ಕಿಸಿದ್ದ ಮೊಂಡು ಪೆನ್ಸಿಲ್ಲನ್ನು ಕತ್ತಿಯಿಂದ ಕೆತ್ತಿ, ಇನ್ನೊಂದು ಮೊರವನ್ನು ಬೋರಲು ಹಾಕಿಕೊಂಡು ಕೂತಳು. ತವರಿನ ಶಾಲೆಯಲ್ಲಿ ಮೂರನೇ ತರಗತಿಗೆ ಬಿಟ್ಟ ಅಕ್ಷರಗಳು ಒಂದೊಂದಾಗಿ, ಕುಂಟಿಕೊಂಡು ಬಂದವು.

"ಡಾಕ್ಟರಿಗೆ. ಡಬ್ಬಿ ಹಾಕಿಸಿಕೊಳ್ಳುತ್ತೇವೆ. ತಡ ಮಾಡಿದ್ದು ನಾವು. ಏಳು, ಹತ್ತು, ಈಗ ಹದಿನಾಲ್ಕು. ಶನಿವಾರದ ಸಂತೆ ಜೀಪಿಗೆ ಹೊರಡುತ್ತೇವೆ. ಡಬ್ಬಿ ಬಾರದಿದ್ದರೂ ತಂತಿ ಇರಲಿ."

ಕೆಳಗೆ ಹೆಸರು ಬೇಕಿತ್ತು. ಗಂಡನ ಹೆಸರನ್ನು ಅವಳು ಇವತ್ತಿನವರೆಗೆ ಬಾಯಲ್ಲಿ ಹೇಳಿರಲಿಲ್ಲ. ಆಸ್ಪತ್ರೆಯಲ್ಲೂ ಅವನ ಕೈಲೇ ಹೇಳಿಸಿದ್ದಳು. ಪೆನ್ಸಿಲ್ಲು ನಿಂತಿತು. ಆದರೆ ಹೇಳಬಾರದು ಅಂದವರು ಬರೆಯಬಾರದು ಎಂದಿರಲಿಲ್ಲ. ಹೆಂಗಸರು ಬರೆಯುತ್ತಾರೆಂದು ಅವರಿಗೆ ಹೊಳೆದಿದ್ದರೆ ತಾನೇ. 'ಚಿಕ್ಕಮಾದು' ಎಂದು ದಪ್ಪ ಅಕ್ಷರದಲ್ಲಿ ಬರೆದು, ಅಂಚುಗಳನ್ನು ಅನ್ನದ ಅಗುಳಿನಿಂದ ಅಂಟಿಸಿದಳು.

ಅಂಚೆಯ ಕುಂಞಿರಾಮನ್ ಮಂಗಳವಾರ, ಶುಕ್ರವಾರ ಚಹಾದಂಗಡಿಗೆ ಬರುತ್ತಿದ್ದ. ಇವತ್ತು ಮಂಗಳವಾರ. ಚಹಾದಂಗಡಿ ಇದ್ದದ್ದು ಕಡವಿನ ದಾರಿಯಲ್ಲೇ. ಅರ್ಧ ದಾರಿಯಲ್ಲಿ ದೇವಯ್ಯ ಎದುರಾದ, ಹಿಂದೆ ಆ ಏಳೆಂಟು ಜನ, ಎಲ್ಲರ ಬಾಯಲ್ಲೂ ಕಾಯಿಚೂರು.

ದೇವಯ್ಯನ ಕಣ್ಣು ನೀಲಿ ಕಾಗದದ ಮೇಲೆ ಬಿತ್ತು. ಅಗಿಯುವುದು ನಿಂತಿತು.

ಪಕ್ಕದಲ್ಲಿ ಒಂದು ಲೈಟಿಲ್ಲದ ಕಂಬವಿತ್ತು. ಮಲ್ಲಿಗಮ್ಮ ಅದನ್ನು ನೋಡಲಿಲ್ಲ. ಹತ್ತೊಂಬತ್ತು ವರ್ಷಕ್ಕೆ ಮೊದಲ ಸಲ ಭಾವನ ಮುಖವನ್ನೇ ನೋಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಭಾವಾ, ನೀವಂದದ್ದು ನಿಜ. ಬೀಗ ಹಾಕಿದ ಪೆಟ್ಟಿಗೆಯಿಂದ ಕಡವಿನಪ್ಪನೇ ಕಾಗದ ತಗೊಂಡಿದ್ದ. ಈಗ ತಂದು ನನ್ ಕೈಲಿ ಕೊಟ್ಟವ್ನೆ. ಅಂಚೆಗೆ ಹಾಕು ಅಂತ ಅಪ್ಪಣೆ ಆಗದೆ."

ಹಿಂದೆ ನಿಂತವರು ಕೈ ಮುಗಿದರು. ಸುಕುಮಾರನ್ ಮೊದಲು ಮುಗಿದ.

ದೇವಯ್ಯ ಲೆಕ್ಕ ಹಾಕಿದ. ದೇವರು ತೆಗೆದುಕೊಳ್ಳಲಿಲ್ಲ ಎಂದರೆ ಬೆಳಗಿನಿಂದ ತಾನು ಕೂಗಿದ್ದು ಸುಳ್ಳಾಗುತ್ತದೆ. ತೆಗೆದುಕೊಂಡ ಎಂದರೆ ದಾರಿ ಬಿಡಬೇಕು. ಜೀವಮಾನದಲ್ಲಿ ಒಮ್ಮೆಯೂ ಸಿಕ್ಕಿಕೊಳ್ಳದವನು ತಾನೇ ನೇಯ್ದ ಬಲೆಯಲ್ಲಿ ನಿಂತು, ಕೊನೆಗೆ ಕಾಯಿಚೂರನ್ನು ನುಂಗಿ, "ಅಪ್ಪಣೆ ಆಗದೆ ಅಂದ್ರೆ... ಆಯ್ತು" ಎಂದು ಬದಿಗೆ ಸರಿದ.

"ಸುಕುಮಾರಾ" ಎಂದಳು ಅವಳು ಹೋಗುತ್ತಾ, ಮಲಯಾಳದಲ್ಲಿ. "ಅವರಿಗೆ ಬಾಯಾರಿತ್ತು, ನೀರು ಕೇಳಿದ್ರು. ಬಾವಿ ತೋಡಬೇಕಂದ್ರೆ ಜಲ ನೋಡೋರನ್ನ ಕರ್ಕೊಂಡು ಬಾ. ಹುಂಜ ಮನೆಗೆ ತಗೊಂಡು ಹೋಗು."

ಕುಂಞಿರಾಮನ್ ಚಹಾ ಕುಡಿದು ಲೋಟ ತೊಳೆಯುತ್ತಿದ್ದ. ಇನ್‌ಲ್ಯಾಂಡನ್ನು ತಿರುಗಿಸಿ ನೋಡಿ, ಉಫ್ ಎಂದು ಊದಿದ. ರಾಗಿ ಹಿಟ್ಟು ಹಾರಿತು. "ಎಲ್ಲಿತ್ತಮ್ಮಾ ಇದು, ಬೀಸೋಕಲ್ಲಲ್ಲಾ?"

"ಯಾವಾಗ ಮುಟ್ಟುತ್ತೆ?"

"ಇವತ್ತೇ ಪನಮರ. ನಾಳೆ ಚುರ ಇಳೀತದೆ. ನಾಡಿದ್ದು ಡಾಕ್ಟರ ಮೇಜು."

"ಹಾಕಿ ಮತ್ತೆ."

"ಹಾಕ್ತೀನಮ್ಮಾ, ಎಷ್ಟೋ ತಿಂಗಳ ಹಿಂದಿನ ಮಡಿಕೆ ಥರ ಕಾಣ್ತದೆ, ಇನ್ನೊಂದು ಗಳಿಗೆಗೆ ಏನವಸರ?"

ಮಲ್ಲಿಗಮ್ಮ ಕದಲಲಿಲ್ಲ. ಅವನು ಕೈ ಒರೆಸಿಕೊಂಡು, ಕಾಗದವನ್ನು ಚೀಲದೊಳಗೆ ಹಾಕಿ, ಬಾಯಿಯ ದಾರವನ್ನು ಎರಡು ಸುತ್ತು ಬಿಗಿದು, ಹೆಗಲಿಗೇರಿಸಿ ಪನಮರದ ಕಡೆಗೆ ಹೆಜ್ಜೆ ಹಾಕುವವರೆಗೂ ಅಲ್ಲೇ ನಿಂತಿದ್ದಳು.